ಹೃದಯದ ಚೀಲದೊಳಗಿನ ನೀರನ್ನು ಗುರುತಿಸಿದ ಹಕೀಮ: ಇಬ್ನು ಝುಹ್ರ್



ನಮ್ಮ ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ಓಡಾಡುವಾಗ ನೀವು ಎರಡು ಆಸ್ಪತ್ರೆಗಳನ್ನು ಕಂಡಿರುತ್ತೀರಿ. ಒಂದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕ್ಷಯರೋಗಿಗಳಿಗಾಗಿ ಸ್ಥಾಪನೆಯಾದ, ಅವರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಹೊತ್ತ ಪಿ.ಕೆ.ಟಿ.ಬಿ. ಆಸ್ಪತ್ರೆ. ಇನ್ನೊಂದು, 2018ರಲ್ಲಿ ಹೊಸ ಕಟ್ಟಡದಲ್ಲಿ ಆರಂಭವಾದ ಜಯದೇವ ಹೃದ್ರೋಗ ಆಸ್ಪತ್ರೆ. ಒಂದಕ್ಕೆ ಕೆಮ್ಮಿನವರು ಹೋಗುತ್ತಾರೆ, ಇನ್ನೊಂದಕ್ಕೆ ಎದೆನೋವಿನವರು ಹೋಗುತ್ತಾರೆ ಎಂದು ನಾವು ತಿಳಿದಿದ್ದೇವೆ. ಆದರೆ ಈ ಎರಡೂ ಆಸ್ಪತ್ರೆಗಳ ಕೆಲಸ ಒಂದುಗೂಡುವ ಕಾಯಿಲೆಯೊಂದಿದೆ. ಹೃದಯದ ಸುತ್ತ ನೀರು ತುಂಬಿಕೊಂಡಿದೆ ಎಂದು ನಮ್ಮ ಜನ ಹೇಳುವ ಕಾಯಿಲೆ ಅದು. ನಮ್ಮ ದೇಶದಲ್ಲಿ ಅದರ ಮುಖ್ಯ ಕಾರಣಗಳಲ್ಲಿ ಕ್ಷಯವೂ ಒಂದು.

ಇಂದು ಈ ನೀರನ್ನು ಎದೆಯನ್ನು ಸೀಳದೆ, ಒಂದು ಸೂಜಿಯಿಂದಲೋ ಎರಡು ಮೂರು ಸಣ್ಣ ರಂಧ್ರಗಳಿಂದಲೋ ಹೊರತೆಗೆಯುತ್ತಾರೆ. ಆದರೆ ಇದನ್ನು ಮನುಷ್ಯನ ರೋಗವೆಂದು ಗುರುತಿಸಿ ಪುಸ್ತಕದಲ್ಲಿ ಬರೆದಿಟ್ಟ ಮೊದಲಿಗರಲ್ಲಿ ಒಬ್ಬರು ಸುಮಾರು 860 ವರ್ಷಗಳ ಹಿಂದೆ ತೀರಿಕೊಂಡ ಅಂದಲೂಸಿಯಾದ ಹಕೀಮ ಅಬೂ ಮರ್ವಾನ್ ಅಬ್ದುಲ್ ಮಲಿಕ್ ಇಬ್ನು ಝುಹ್ರ್ ಎಂಬುದು ನಿಮಗೆ ಗೊತ್ತೇ? ಯುರೋಪಿನವರು ಅವರನ್ನು ಅವೆಂಝೋರ್ ಎಂದು ಕರೆದರು.

ನಮ್ಮ ಸಭೆಗಳಲ್ಲಿ ಇಬ್ನು ಸೀನಾ, ಅಲ್ ರಾಝಿ, ಅಲ್ ಝಹ್ರಾವಿಯವರ ಹೆಸರುಗಳನ್ನು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಅವರು ಹೇಗೆ ದುಡಿದರು, ಯಾವುದನ್ನು ಬಲ್ಲವರಾಗಿದ್ದರು, ಯಾವುದು ಅವರ ಕೈಗೆಟುಕಲಿಲ್ಲ ಎಂದು ಕೇಳುವವರು ಕಡಿಮೆ. ಇಬ್ನು ಝುಹ್ರ್‌ರ ಜೀವನವನ್ನು ಆ ದೃಷ್ಟಿಯಿಂದ ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ವೈದ್ಯರ ಮನೆತನ

ಝುಹ್ರ್ ಮನೆತನದವರು ಮೂಲತಃ ಅರಬ್ ದೇಶದ ಇಯಾದ್ ಬುಡಕಟ್ಟಿನವರು. ಸ್ಪೇನಿಗೆ ಬಂದು ಅದರ ಪೂರ್ವ ಭಾಗದ ಶಾತಿಬಾ ಎಂಬ ಊರಿನಲ್ಲಿ ನೆಲೆಸಿದರು. ಇಬ್ನು ಝುಹ್ರ್‌ರ ಮುತ್ತಾತ ಧರ್ಮಶಾಸ್ತ್ರದ ವಿದ್ವಾಂಸರು. ಅಜ್ಜ ಮಾತ್ರ ಬೇರೆ ದಾರಿ ಹಿಡಿದರು. ಪೂರ್ವ ದೇಶಗಳಿಗೆ ಪ್ರಯಾಣ ಹೊರಟು ಕೈರವಾನ್ ಮತ್ತು ಕೈರೋ ನಗರಗಳಲ್ಲಿ ಹಲವು ಕಾಲ ವೈದ್ಯವೃತ್ತಿ ನಡೆಸಿ, ತಾಯ್ನಾಡಿಗೆ ಮರಳಿ ದಾನಿಯಾ ಪಟ್ಟಣದಲ್ಲಿ ಹೆಸರು ಮಾಡಿದರು. ಅಲ್ಲಿಂದ ಮುಂದೆ ಆ ಮನೆಯಲ್ಲಿ ವೈದ್ಯವಿದ್ಯೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂತು.

ತಂದೆ ಅಬುಲ್ ಅಲಾ ಝುಹ್ರ್ ಇನ್ನೂ ದೊಡ್ಡ ಹೆಸರು. ರೋಗಿಯ ನಾಡಿ ಹಿಡಿದು, ಮೂತ್ರ ಪರೀಕ್ಷಿಸಿ ರೋಗವನ್ನು ಹೇಳಿಬಿಡುತ್ತಿದ್ದರೆಂದು ಖ್ಯಾತಿ. ಅವರ ಬಗ್ಗೆ ವೈದ್ಯರ ಚರಿತ್ರಕಾರ ಇಬ್ನು ಅಬೀ ಉಸೈಬಿಅ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ಇರಾಕಿನಿಂದ ಬಂದ ವ್ಯಾಪಾರಿಯೊಬ್ಬ ಇಬ್ನು ಸೀನಾರ ಅಲ್ ಖಾನೂನ್ ಗ್ರಂಥದ ಅಂದವಾದ ಪ್ರತಿಯನ್ನು ಅವರಿಗೆ ಕಾಣಿಕೆ ಕೊಟ್ಟನಂತೆ. ಅಬುಲ್ ಅಲಾ ಅದನ್ನು ಓದಿ ನೋಡಿ ಮೆಚ್ಚಲಿಲ್ಲ. ತಮ್ಮ ಗ್ರಂಥಭಂಡಾರದಲ್ಲಿ ಇಡುವುದರ ಬದಲು ಅದರ ಅಂಚಿನ ಖಾಲಿ ಕಾಗದವನ್ನು ಕತ್ತರಿಸಿ ರೋಗಿಗಳಿಗೆ ಮದ್ದಿನ ಚೀಟಿ ಬರೆಯಲು ಬಳಸಿದರಂತೆ! ಇದು ಅತಿಯಾಯಿತು ಎಂದು ನಿಮಗೆ ಅನ್ನಿಸಬಹುದು. ಇಬ್ನು ಸೀನಾರಂಥವರ ಗ್ರಂಥಕ್ಕೆ ಆ ಗತಿ ಬರಬಾರದಿತ್ತು, ನಿಜ. ಆದರೆ ಎಷ್ಟೇ ದೊಡ್ಡವರು ಬರೆದಿದ್ದರೂ ರೋಗಿಯ ಹಾಸಿಗೆಯ ಬಳಿ ಅದು ನಿಲ್ಲುತ್ತದೆಯೇ ಎಂದು ನೋಡಬೇಕೆಂಬ ಹಟ ಆ ಮನೆಯಲ್ಲಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಇಂಥ ತಂದೆಯ ಮಗನಾಗಿ ಇಬ್ನು ಝುಹ್ರ್ ಸೆವಿಲ್ಲೆ ನಗರದಲ್ಲಿ ಜನಿಸಿದರು. ಅರಬಿಯಲ್ಲಿ ಆ ನಗರದ ಹೆಸರು ಇಶ್ಬೀಲಿಯಾ. ಹುಟ್ಟಿದ ವರ್ಷ 1091ರಿಂದ 1094ರ ನಡುವೆ ಎನ್ನುತ್ತಾರೆ. ಅದೇ ಹೊತ್ತಿಗೆ, 1091ರಲ್ಲಿ, ಆ ನಗರ ಉತ್ತರ ಆಫ್ರಿಕಾದ ಮುರಾಬಿತ್ ಸುಲ್ತಾನರ ವಶವಾಗಿತ್ತು.

ತಂದೆಯ ಬಳಿ ಕಲಿಕೆ

ಬಾಲ್ಯದಲ್ಲಿ ಅವರು ಕುರ್‌ಆನ್, ಹದೀಸ್, ಧರ್ಮಶಾಸ್ತ್ರ ಹಾಗೂ ಅರಬಿ ಸಾಹಿತ್ಯವನ್ನು ಕಲಿತರು. ನಂತರ ತಂದೆಯೇ ಅವರಿಗೆ ವೈದ್ಯಗುರುವಾದರು. ವೈದ್ಯವಿದ್ಯೆಯನ್ನು ಆರಂಭಿಸುವಾಗ ತಂದೆ ಎಳೆಯ ಮಗನಿಂದ ಹಿಪ್ಪೊಕ್ರೇಟಿಸನ ಪ್ರತಿಜ್ಞೆಯನ್ನು ಮಾಡಿಸಿದರು. ತನ್ನ ವಿದ್ಯೆಯನ್ನು ಯಾರ ಕೇಡಿಗೂ ಬಳಸುವುದಿಲ್ಲ ಎಂಬುದು ಅದರ ಸಾರ.

ಆ ಕಾಲದ ವಿದ್ವಾಂಸರು ಒಬ್ಬರೇ ತತ್ವಶಾಸ್ತ್ರ, ಖಗೋಳ, ಗಣಿತ, ವೈದ್ಯ ಎಲ್ಲದರಲ್ಲೂ ಗ್ರಂಥ ಬರೆಯುತ್ತಿದ್ದರು. ಇಬ್ನು ಝುಹ್ರ್ ಹಾಗೆ ಮಾಡಲಿಲ್ಲ. ಅವರು ತಮ್ಮ ಇಡೀ ಜೀವನವನ್ನು ವೈದ್ಯವಿದ್ಯೆಯೊಂದಕ್ಕೇ ಕೊಟ್ಟರು. ನಾಲ್ಕು ಕೋರ್ಸುಗಳ ಅರ್ಜಿಯನ್ನು ಕೈಯಲ್ಲಿ ಹಿಡಿದು ಯಾವುದಕ್ಕೆ ಸೇರಲಿ ಎಂದು ತಳಮಳಿಸುವ ವಿದ್ಯಾರ್ಥಿಗಳು ಈ ಮಾತನ್ನು ಗಮನಿಸಬೇಕು.

ಆಗ ವೈದ್ಯನ ಕೆಲಸ ಬೇರೆ, ಕತ್ತಿ ಹಿಡಿಯುವವನ ಕೆಲಸ ಬೇರೆ ಎಂದು ಭಾವಿಸುತ್ತಿದ್ದರು. ಕಾಯಿಸಿದ ಸಲಾಕೆಯಿಂದ ಸುಡುವುದು, ರಕ್ತ ತೆಗೆಯುವುದು ಮುಂತಾದವನ್ನು ಸಹಾಯಕರಿಗೆ ಬಿಡುತ್ತಿದ್ದರು. ಇಬ್ನು ಝುಹ್ರ್ ಕೂಡ ಬಹುಮಟ್ಟಿಗೆ ಅದೇ ಪಂಥದವರು. ಮದ್ದು ಅರೆದು ಪಾಕ ಕಾಯಿಸುವುದರಲ್ಲಿ ಅವರಿಗೆ ಇಷ್ಟವಿತ್ತು. ಕೊಳೆತ ಹುಣ್ಣುಗಳ ದೃಶ್ಯವನ್ನು ಸಹಿಸುವುದು ತಮಗೆ ಕಷ್ಟವೆಂದು ಅವರೇ ಬರೆದುಕೊಂಡಿದ್ದಾರೆ. ಹೀಗಿದ್ದವರು ಒಂದು ದಿನ ಕತ್ತಿಯನ್ನು ಕೈಗೆತ್ತಿಕೊಂಡರು.

ಮೇಕೆಯ ಗಂಟಲು

ಗಂಟಲು ಊದಿ ಉಸಿರು ಕಟ್ಟಿದಾಗ ಶ್ವಾಸನಾಳವನ್ನು ಕೊರೆದು ಗಾಳಿಗೆ ದಾರಿ ಮಾಡಬಹುದು ಎಂದು ಹಳೆಯ ಗ್ರಂಥಗಳು ಹೇಳುತ್ತಿದ್ದವು. ಆದರೆ ಹಾಗೆ ಕೊರೆದರೆ ಗಾಯ ಮಾಯುತ್ತದೆಯೇ? ಮೃದ್ವಸ್ಥಿ ಕೂಡಿಕೊಳ್ಳುತ್ತದೆಯೇ? ಒಬ್ಬರು ಹೌದು ಎನ್ನುತ್ತಿದ್ದರು, ಇನ್ನೊಬ್ಬರು ಇಲ್ಲ ಎನ್ನುತ್ತಿದ್ದರು. ತಮ್ಮ ರೋಗಿಯ ಮೇಲೆ ಮಾಡಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಇಬ್ನು ಝುಹ್ರ್ ಕಲಿಕೆಯ ದಿನಗಳಲ್ಲೇ ಈ ವಾದವನ್ನು ಓದಿ, ಒಂದು ಮೇಕೆಯನ್ನು ತಂದು, ಅದರ ಗಂಟಲಿನ ಚರ್ಮವನ್ನೂ ಒಳಗಿನ ಪೊರೆಯನ್ನೂ ಬಿಡಿಸಿ, ಶ್ವಾಸನಾಳದಲ್ಲಿ ಒಂದು ಕಾಳಿಗಿಂತ ಹೆಚ್ಚಿರದ ರಂಧ್ರವನ್ನು ಮಾಡಿದರು. ನಂತರ ಜೇನು ಬೆರೆಸಿದ ನೀರಿನಿಂದ ದಿನವೂ ಗಾಯವನ್ನು ತೊಳೆದರು. ಗಾಯ ಮಾಯಿತು. ಮೇಕೆ ಬಹುಕಾಲ ಬದುಕಿತು. ಅದನ್ನು ಅವರು ತಮ್ಮ ಗ್ರಂಥದಲ್ಲಿ ಹಾಗೆಯೇ ಬರೆದರು. ಶ್ವಾಸನಾಳದ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಈ ಮೇಕೆಗೆ ಇಂದಿಗೂ ಸ್ಥಾನವಿದೆ.

ಇದರಲ್ಲಿ ಎರಡು ವಿಷಯಗಳಿವೆ. ಮೊದಲನೆಯದು, ವಾದವನ್ನು ವಾದದಿಂದಲೇ ಮುಗಿಸದೆ ಮಾಡಿ ನೋಡಿದ್ದು. ಎರಡನೆಯದು, ರಂಧ್ರವನ್ನು ಸಾಧ್ಯವಾದಷ್ಟು ಚಿಕ್ಕದಾಗಿ ಮಾಡಿದ್ದು. ಕೆಲಸವಾಗಬೇಕು, ಆದರೆ ದೇಹಕ್ಕೆ ಆಗುವ ಗಾಯ ಕಡಿಮೆ ಇರಬೇಕು ಎಂಬ ಇಂದಿನ ಶಸ್ತ್ರಚಿಕಿತ್ಸೆಯ ನೀತಿಗೂ ಈ ನಡೆಗೂ ಹೆಚ್ಚು ದೂರವಿಲ್ಲ.

ದರ್ಬಾರು ಮತ್ತು ಸೆರೆಮನೆ

1121ರಲ್ಲಿ ಅವರು ಮುರಾಬಿತ್ ಮನೆತನದ ರಾಜಕುಮಾರ ಇಬ್ರಾಹೀಮ್ ಇಬ್ನು ಯೂಸುಫ್‌ಗಾಗಿ ಅಲ್ ಇಖ್ತಿಸಾದ್ ಎಂಬ ಗ್ರಂಥವನ್ನು ಬರೆದರು. ದೇಹದ ಮತ್ತು ಮನಸ್ಸಿನ ಆರೋಗ್ಯವನ್ನು ಕಾಪಾಡಿಕೊಳ್ಳುವ ಬಗೆಯನ್ನು ವೈದ್ಯರಲ್ಲದವರಿಗೂ ತಿಳಿಯುವಂತೆ ಹೇಳುವ ಪುಸ್ತಕವದು. ಹೀಗೆ ದರ್ಬಾರಿನ ಬಾಗಿಲು ತೆರೆಯಿತು. ಆದರೆ ಅರಸರ ಕೃಪೆ ಎಷ್ಟು ದಿನ? ಸುಲ್ತಾನ ಅಲೀ ಇಬ್ನು ಯೂಸುಫ್‌ನ ಅವಕೃಪೆಗೆ ಗುರಿಯಾಗಿ ಅವರು 1140ರ ಸುಮಾರಿಗೆ ಮರಾಕೇಶ್ ನಗರದ ಸೆರೆಮನೆಯನ್ನು ಕಾಣಬೇಕಾಯಿತು.

ಕಾಲ ತಿರುಗಿತು. ಮುರಾಬಿತರು ಸೋತು ಮುವಹ್ಹಿದ್ ದೊರೆಗಳು ಬಂದರು. 1147ರಲ್ಲಿ ಮರಾಕೇಶ್ ಅವರ ವಶವಾಯಿತು. ಹೊಸ ಖಲೀಫ ಅಬ್ದುಲ್ ಮೂಮಿನ್ ಇಬ್ನು ಝುಹ್ರ್‌ರನ್ನು ತನ್ನ ವೈದ್ಯರನ್ನಾಗಿ ಮಾಡಿಕೊಂಡು ಗೌರವಿಸಿದ. ಅವನಿಗಾಗಿ ಅವರು ಆಹಾರದ ಗುಣದೋಷಗಳ ಬಗ್ಗೆ ಅಲ್ ಅಗ್ಝಿಯಾ ಎಂಬ ಗ್ರಂಥವನ್ನು ಬರೆದರು. ರೊಟ್ಟಿ, ಮಾಂಸ, ಹಣ್ಣು, ಪಾನೀಯ ಯಾವುದನ್ನೂ ಅದರಲ್ಲಿ ಬಿಟ್ಟಿಲ್ಲ.

ಈ ಖಲೀಫನಿಗೆ ಭೇದಿಯ ಮದ್ದು ಕುಡಿಯುವುದೆಂದರೆ ಆಗದು. ಅದಕ್ಕೆ ಇಬ್ನು ಝುಹ್ರ್ ತೋಟದ ದ್ರಾಕ್ಷಿ ಬಳ್ಳಿಗೆ ಮದ್ದು ನೆನೆಸಿದ ನೀರನ್ನೇ ಹಾಯಿಸಿ, ಹಣ್ಣಾದ ಮೇಲೆ ಆ ದ್ರಾಕ್ಷಿಯನ್ನು ತಿನ್ನಿಸಿ ಕೆಲಸ ಸಾಧಿಸಿದರೆಂದು ಒಂದು ಕಥೆ. ಬಳ್ಳಿಗೆ ಹಾಯಿಸಿದ ಮದ್ದು ಹಣ್ಣಿಗೆ ಇಳಿಯುತ್ತದೆಂದು ಇಂದಿನ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಒಪ್ಪಲಾರರು. ಆದರೂ ಮದ್ದು ರೋಗಿಗೆ ಹಿಂಸೆಯಾಗಬಾರದು ಎಂಬ ಕಾಳಜಿಯುಳ್ಳ ವೈದ್ಯರೆಂದು ಜನರು ಅವರನ್ನು ನೆನಪಿಟ್ಟುಕೊಂಡಿದ್ದರು ಎಂಬುದಕ್ಕೆ ಈ ಕಥೆ ಸಾಕ್ಷಿ.

ಅತ್ತೈಸೀರ್: ಸುಲಭಗೊಳಿಸುವ ಗ್ರಂಥ

ಇಬ್ನು ಝುಹ್ರ್‌ರ ಹೆಸರು ಉಳಿದಿರುವುದು ಅತ್ತೈಸೀರ್ ಎಂಬ ಗ್ರಂಥದಿಂದ. ಚಿಕಿತ್ಸೆಯನ್ನೂ ಪಥ್ಯವನ್ನೂ ಸುಲಭಗೊಳಿಸುವುದು ಎಂದು ಅದರ ಹೆಸರಿನ ಅರ್ಥ. ಅದನ್ನು ಬರೆಯುವಂತೆ ಕೇಳಿಕೊಂಡವರು ಅವರ ಕಿರಿಯ ಮಿತ್ರ, ಮಹಾನ್ ದಾರ್ಶನಿಕ ಇಬ್ನು ರುಶ್ದ್. ತಾವು ವೈದ್ಯಶಾಸ್ತ್ರದ ಸಾಮಾನ್ಯ ತತ್ವಗಳನ್ನು ಅಲ್ ಕುಲ್ಲಿಯಾತ್ ಎಂಬ ಗ್ರಂಥದಲ್ಲಿ ಬರೆದಿದ್ದ ಇಬ್ನು ರುಶ್ದ್, ಒಂದೊಂದು ರೋಗದ ವಿವರವನ್ನು ಬರೆಯಲು ತಮಗಿಂತ ಇಬ್ನು ಝುಹ್ರ್ ಯೋಗ್ಯರೆಂದು ಭಾವಿಸಿದರು. ತಮ್ಮ ಓದುಗರನ್ನೂ ಆ ಗ್ರಂಥಕ್ಕೇ ಕಳಿಸಿದರು. ದೊಡ್ಡ ವಿದ್ವಾಂಸನೊಬ್ಬ ತನಗೆ ತಿಳಿಯದ್ದನ್ನು ಬಲ್ಲವರಿಗೆ ಬಿಟ್ಟುಕೊಟ್ಟ ಈ ನಡೆ ಇಂದಿನ ಸಹ ಅಪರೂಪದ ಸೌಜನ್ಯ.

ತುರಿಕಜ್ಜಿಯ ಸೂಕ್ಷ್ಮ ಹುಳ, ಕಿವಿಯೊಳಗಿನ ಬಾವು, ಗಂಟಲಿನ ಪಾರ್ಶ್ವವಾಯು ಹೀಗೆ ತಲೆಯಿಂದ ಕಾಲಿನವರೆಗಿನ ರೋಗಗಳು ಅತ್ತೈಸೀರ್‌ನಲ್ಲಿವೆ. ಎದೆಯ ನಡುಭಾಗದಲ್ಲಿ, ಎರಡು ಶ್ವಾಸಕೋಶಗಳ ನಡುವೆ ಆಗುವ ಬಾವಿನ ಬಗ್ಗೆ ಬರೆಯುವಾಗ ಅವರು ತಮಗೇ ಬಂದಿದ್ದ ಕಾಯಿಲೆಯ ಲಕ್ಷಣಗಳನ್ನು ಹೇಳಿದ್ದಾರೆ. ತಮ್ಮ ನೋವನ್ನೂ ಪಾಠವಾಗಿಸಿಕೊಂಡ ವೈದ್ಯರವರು.

ಅದೇ ಗ್ರಂಥದಲ್ಲಿ ಹೃದಯದ ಹೊರಚೀಲದ ರೋಗಗಳೂ ಬರುತ್ತವೆ. ಆ ಚೀಲದಲ್ಲಿ ಮೂತ್ರದಂತೆ ಕಾಣುವ ನೀರು ಸೇರಿಕೊಳ್ಳುತ್ತದೆ ಎಂದು ಅವರು ಬರೆದರು. ಕೆಲವೊಮ್ಮೆ ಪೊರೆಯ ಮೇಲೆ ಪೊರೆ ಹಾಸಿದಂತೆ ಗಟ್ಟಿಯಾದ ವಸ್ತು ಅಲ್ಲಿ ಬೆಳೆಯುತ್ತದೆ ಎಂದೂ ಬರೆದರು. ಗ್ರೀಕ್ ವೈದ್ಯ ಗೇಲನ್ ಪ್ರಾಣಿಗಳಲ್ಲಿ ಇಂಥ ನೀರನ್ನು ಕಂಡಿದ್ದ. ಅದನ್ನು ಮನುಷ್ಯನ ಒಂದು ರೋಗವಾಗಿ ಎತ್ತಿಕೊಂಡು, ತೆಳುವಾದ ನೀರಿನ ಬಗೆಯನ್ನೂ ಪೊರೆಗಟ್ಟುವ ಬಗೆಯನ್ನೂ ಬೇರೆಬೇರೆಯಾಗಿ ವಿವರಿಸಿದ್ದು ಇಬ್ನು ಝುಹ್ರ್‌ರ ಹಿರಿಮೆ. ಎಕೋ ಯಂತ್ರವಿಲ್ಲ, ಎಕ್ಸ್‌ರೇ ಇಲ್ಲ, ಸ್ಟೆತಾಸ್ಕೋಪ್ ಕೂಡ ಇಲ್ಲದ ಕಾಲವದು ಎಂಬುದನ್ನು ಮರೆಯಬೇಡಿ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಅಭಿಮಾನದ ಭರದಲ್ಲಿ ಕೆಲವರು ಹೃದಯದ ಶಸ್ತ್ರಚಿಕಿತ್ಸೆಯನ್ನೇ ಇಬ್ನು ಝುಹ್ರ್ ಕಂಡುಹಿಡಿದರು ಎಂದುಬಿಡುತ್ತಾರೆ. ಅದು ನಿಜವಲ್ಲ. ಆ ನೀರನ್ನು ಹೊರತೆಗೆಯುವ ದಾರಿ ಅವರ ಕಾಲದಲ್ಲಿ ಇರಲಿಲ್ಲ. ಅವರು ರೋಗವನ್ನು ಕಂಡರು, ಬರೆದರು. ಅದನ್ನು ಗೆಲ್ಲುವ ಕೆಲಸವನ್ನು ಮುಂದಿನವರಿಗೆ ಬಿಟ್ಟುಹೋದರು. ಇಲ್ಲದ ಕಿರೀಟವನ್ನು ತೊಡಿಸಿದರೆ ಹಿರಿಯರಿಗೆ ಗೌರವ ಹೆಚ್ಚುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದ ಅವರ ಗುಣಕ್ಕೆ ನಾವೇ ದ್ರೋಹ ಮಾಡಿದಂತಾಗುತ್ತದೆ.

ಮನೆಯ ಹೆಣ್ಣುಮಕ್ಕಳು

ಇಬ್ನು ಝುಹ್ರ್ ಹಿಜರಿ 557ರಲ್ಲಿ, ಅಂದರೆ 1162ರಲ್ಲಿ, ಸೆವಿಲ್ಲೆಯಲ್ಲಿ ಮಾರಕ ಬಾವೊಂದರಿಂದ ನಿಧನರಾದರು. ತಮಗೆ ಬಂದಿರುವುದು ಎಂಥ ಕಾಯಿಲೆಯೆಂದು ಅವರಿಗೆ ತಿಳಿಯದೆ ಇರಲಿಲ್ಲ. ಊರಿನ ವಿಜಯದ್ವಾರದ ಹೊರಗೆ ಅವರನ್ನು ದಫನ ಮಾಡಿದರು.

ಅವರ ಮಗ ಅಬೂ ಬಕ್ರ್ ಹೆಸರಾಂತ ವೈದ್ಯರೂ ಕವಿಯೂ ಆದರು. ಅವರು ರಚಿಸಿದ ಮುವಶ್ಶಹ್ ಗೀತೆಗಳು ಅರಬಿ ಸಾಹಿತ್ಯದಲ್ಲಿ ಇಂದಿಗೂ ಪ್ರಸಿದ್ಧ. ಆದರೆ ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ತಿಳಿಯಬೇಕಾದುದು ಬೇರೊಂದಿದೆ. ಇಬ್ನು ಝುಹ್ರ್‌ರ ಮಗಳೂ ಆ ಮಗಳ ಮಗಳೂ ವೈದ್ಯೆಯರಾಗಿದ್ದರು. ಸ್ತ್ರೀರೋಗ ಮತ್ತು ಹೆರಿಗೆಯ ಚಿಕಿತ್ಸೆಯಲ್ಲಿ ನಿಪುಣರಾಗಿದ್ದ ಅವರು ಖಲೀಫ ಅಲ್ ಮನ್ಸೂರನ ಅಂತಃಪುರದ ಸ್ತ್ರೀಯರಿಗೆ ಚಿಕಿತ್ಸೆ ನೀಡುತ್ತಿದ್ದರೆಂದು ಇಬ್ನು ಅಬೀ ಉಸೈಬಿಅ ದಾಖಲಿಸಿದ್ದಾರೆ. ಅಂದರೆ ತಂದೆಯ ವಿದ್ಯೆ ಮಗನಿಗೆ ಮಾತ್ರ ಸಲ್ಲಬೇಕೆಂಬ ನಿಯಮ ಆ ಮನೆಯಲ್ಲಿರಲಿಲ್ಲ. ಎಂಟುನೂರು ವರ್ಷಗಳ ಹಿಂದೆ ಮುಸ್ಲಿಮ್ ಮನೆಯೊಂದರಲ್ಲಿ ಸಹಜವಾಗಿದ್ದುದು ಇಂದು ಹತ್ತನೆಯ ತರಗತಿಯ ನಂತರ ಮಗಳ ಓದನ್ನು ನಿಲ್ಲಿಸುವ ನಮ್ಮ ಕೆಲವು ಮನೆಗಳಲ್ಲಿ ಏಕೆ ಅಸಹಜವಾಗಿದೆ? ಈ ಪ್ರಶ್ನೆಯನ್ನು ಹೆತ್ತವರು ತಮಗೆ ತಾವೇ ಕೇಳಿಕೊಳ್ಳಲಿ.

ಪುಸ್ತಕದ ಪ್ರಯಾಣ, ವಿದ್ಯೆಯ ಪ್ರಯಾಣ

ಹಕೀಮರು ಹೋದರು, ಅವರ ಪುಸ್ತಕ ನಡೆಯುತ್ತಲೇ ಇತ್ತು. ಯಹೂದಿ ಮಹಾಪಂಡಿತ ಮೂಸಾ ಇಬ್ನು ಮೈಮೂನ್ ಅವರನ್ನು ಬಹಳ ಮೆಚ್ಚಿಕೊಂಡಿದ್ದರು. ಹದಿಮೂರನೆಯ ಶತಮಾನದ ಕೊನೆಯ ಹೊತ್ತಿಗೆ ಅತ್ತೈಸೀರ್ ಹೀಬ್ರೂ ಭಾಷೆಗೂ ಅಲ್ಲಿಂದ ಲ್ಯಾಟಿನ್‌ಗೂ ಹೋಯಿತು. 1490ರಲ್ಲಿ ವೆನಿಸ್ ನಗರದಲ್ಲಿ ಇಬ್ನು ರುಶ್ದ್‌ರ ಗ್ರಂಥದ ಜೊತೆಗೇ ಅಚ್ಚಾಯಿತು. ಮುಸ್ಲಿಮರು ಬರೆದದ್ದನ್ನು ಯಹೂದಿಗಳು ಕಾಪಾಡಿದರು, ಕ್ರೈಸ್ತರು ಓದಿದರು. ಮದ್ದಿಗೆ ಮತದ ಗಡಿಯಿಲ್ಲ.

ಹೃದಯದ ನೀರಿಗೆ ದಾರಿ ಮಾಡುವ ಕೆಲಸ ಮಾತ್ರ ಮತ್ತೂ ತಡವಾಯಿತು. ಇಬ್ನು ಝುಹ್ರ್ ತೀರಿಕೊಂಡು ಆರುನೂರಕ್ಕೂ ಹೆಚ್ಚು ವರ್ಷಗಳ ನಂತರ, 1801ರಲ್ಲಿ, ಅದೇ ಅಂದಲೂಸಿಯಾದ ಅಲ್ಮೇರಿಯಾ ಪ್ರಾಂತದಲ್ಲಿ ಫ್ರಾನ್ಸಿಸ್ಕೊ ರೊಮೇರೊ ಎಂಬ ಸ್ಪೇನಿನ ವೈದ್ಯರು ಪಕ್ಕೆಲುಬುಗಳ ನಡುವೆ ಕೊಯ್ದು ಹೃದಯದ ಚೀಲವನ್ನು ತೆರೆದು ನೀರನ್ನು ಹೊರಬಿಟ್ಟರು. 1815ರಲ್ಲಿ ಪ್ಯಾರಿಸ್‌ನಲ್ಲಿ ಅದನ್ನು ವರದಿ ಮಾಡಿದಾಗ, ಇದು ಅತಿಸಾಹಸ ಎಂದು ಅಲ್ಲಿನ ಪಂಡಿತರು ಹಿಂಜರಿದರು. 1840ರಲ್ಲಿ ವಿಯೆನ್ನಾದ ಫ್ರಾಂಜ್ ಶೂ ಎಂಬ ಶಸ್ತ್ರವೈದ್ಯರು ಎದೆಯನ್ನು ತೆರೆಯದೆ ಚೂಪಾದ ಕೊಳವೆಯನ್ನು ಚುಚ್ಚಿ ನೀರು ತೆಗೆದರು. ಆದರೆ ಅದು ಕಣ್ಣು ಕಟ್ಟಿಕೊಂಡು ಚುಚ್ಚಿದಂತೆ. ಸೂಜಿ ಒಂದಿಷ್ಟು ಮುಂದೆ ಹೋದರೂ ಹೃದಯಕ್ಕೇ ಗಾಯವಾಗುವ ಭಯ.

ಆ ಕಣ್ಣುಕಟ್ಟನ್ನು ಬಿಚ್ಚಿದ್ದು ಶಬ್ದ ತರಂಗ. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ವೈದ್ಯ ಎಡ್ಲರ್ ಮತ್ತು ಭೌತವಿಜ್ಞಾನಿ ಹರ್ಟ್ಸ್ ಇಬ್ಬರೂ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಲೋಹದ ಬಿರುಕು ಹುಡುಕಲು ಬಳಸುತ್ತಿದ್ದಂಥ ಯಂತ್ರದಿಂದ ಹೃದಯದ ಚಲನೆಯನ್ನು ದಾಖಲಿಸಿದರು. ನಾವು ಎಕೋ ಎಂದು ಕರೆಯುವ ಪರೀಕ್ಷೆಯ ಆರಂಭ ಅದು. 1965ರಲ್ಲಿ ಅಮೆರಿಕದ ಫೈಗನ್‌ಬಾಮ್ ಇದೇ ವಿಧಾನದಿಂದ ಹೃದಯದ ಸುತ್ತಲಿನ ನೀರನ್ನು ಗುರುತಿಸಿ ತೋರಿಸಿದರು. 1979ರಿಂದ ಅಲ್ಲಿನ ಮೇಯೊ ಕ್ಲಿನಿಕ್‌ನಲ್ಲಿ ಎಕೋ ನೋಡಿಕೊಂಡೇ ಸೂಜಿ ಹಾಕುವ ಪದ್ಧತಿ ಬೆಳೆಯಿತು.

ಇಂದು ಏನು ಮಾಡುತ್ತಾರೆ?

ಹೃದಯವನ್ನು ಎರಡು ಪದರಗಳ ಚೀಲವೊಂದು ಸುತ್ತಿಕೊಂಡಿದೆ. ವೈದ್ಯರು ಅದನ್ನು ಪೆರಿಕಾರ್ಡಿಯಂ ಎನ್ನುತ್ತಾರೆ. ಆರೋಗ್ಯವಂತರಲ್ಲೂ ಅದರೊಳಗೆ 15ರಿಂದ 50 ಮಿಲಿಲೀಟರ್ ದ್ರವವಿರುತ್ತದೆ. ಹೃದಯ ಮಿಡಿಯುವಾಗ ಉಜ್ಜದಿರಲೆಂದು ಅಲ್ಲಾಹನು ಮಾಡಿಟ್ಟ ಎಣ್ಣೆಯ ಹಾಗೆ ಅದು. ಕ್ಷಯ, ವೈರಸ್ ಸೋಂಕು, ಕ್ಯಾನ್ಸರ್, ಮೂತ್ರಪಿಂಡದ ವೈಫಲ್ಯ, ಥೈರಾಯ್ಡ್ ಕೊರತೆ, ಎದೆಗೆ ಬಿದ್ದ ಪೆಟ್ಟು ಇವುಗಳಿಂದ ಆ ದ್ರವ ಹೆಚ್ಚಬಹುದು. ನಿಧಾನವಾಗಿ ತುಂಬಿದರೆ ಚೀಲ ಹಿಗ್ಗಿ ಒಂದು ಲೀಟರಿಗೂ ಹೆಚ್ಚು ನೀರನ್ನು ತಾಳಿಕೊಳ್ಳಬಹುದು. ಅದೇ ಒಮ್ಮೆಲೇ ತುಂಬಿದರೆ 150-200 ಮಿಲಿಲೀಟರೇ ಹೃದಯವನ್ನು ಹಿಂಡಿಬಿಡುತ್ತದೆ. ಹೃದಯ ಹಿಗ್ಗಿ ರಕ್ತ ತುಂಬಿಕೊಳ್ಳಲು ಜಾಗವೇ ಇಲ್ಲದಂತಾಗುತ್ತದೆ. ರಕ್ತದೊತ್ತಡ ಕುಸಿಯುವುದು, ಕುತ್ತಿಗೆಯ ನರಗಳು ಉಬ್ಬುವುದು, ಹೃದಯದ ಬಡಿತ ದೂರದಿಂದ ಕೇಳಿದಂತೆ ಮಂದವಾಗುವುದು ಎಂಬ ಮೂರು ಗುರುತುಗಳನ್ನು 1935ರಲ್ಲಿ ಕ್ಲಾಡ್ ಬೆಕ್ ಎಂಬ ಅಮೆರಿಕದ ಶಸ್ತ್ರವೈದ್ಯರು ಹೇಳಿದರು. ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಅದನ್ನು ಕಲಿಯುತ್ತಾರೆ.

ಚಿಕಿತ್ಸೆಯ ಮೊದಲ ಮೆಟ್ಟಿಲು ಸೂಜಿ. ಎದೆಮೂಳೆಯ ಕೆಳತುದಿಯ ಬಳಿ, ಅಥವಾ ನೀರು ಹೆಚ್ಚಿರುವ ಕಡೆ, ಆ ಜಾಗವನ್ನಷ್ಟೇ ಮರಗಟ್ಟಿಸಿ ಎಕೋ ಪರದೆ ನೋಡುತ್ತಾ ಸೂಜಿಯನ್ನು ಚೀಲದೊಳಗೆ ಇಳಿಸುತ್ತಾರೆ. ಸೂಜಿಯ ಮೂಲಕ ತೆಳ್ಳನೆಯ ತಂತಿ, ತಂತಿಯ ಮೇಲೆ ತುದಿ ಸುರುಳಿಯಾದ ಮೆತ್ತನೆಯ ಕೊಳವೆ. ನೀರು ಹೊರಗಿನ ಚೀಲಕ್ಕೆ ಇಳಿಯುತ್ತಿದ್ದಂತೆ ರೋಗಿಯ ಉಸಿರು ಹಗುರಾಗುತ್ತದೆ.

ನೀರು ಮತ್ತೆ ಮತ್ತೆ ತುಂಬಿದರೆ ಕಿಟಕಿ ತೆರೆಯುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಎದೆಮೂಳೆಯ ಕೆಳಗೆ ಕೆಲವೇ ಸೆಂಟಿಮೀಟರ್ ಕೊಯ್ದೋ, ಪಕ್ಕೆಲುಬುಗಳ ನಡುವೆ ಎರಡು ಮೂರು ರಂಧ್ರ ಮಾಡಿ ಪುಟ್ಟ ಕ್ಯಾಮೆರಾ ಇಳಿಸಿಯೋ ಹೃದಯದ ಚೀಲದ ಒಂದು ತುಣುಕನ್ನು ಕತ್ತರಿಸಿ ತೆಗೆಯುತ್ತಾರೆ. ಆ ಕಿಟಕಿಯಿಂದ ನೀರು ಹೊರಹರಿಯುತ್ತದೆ. ಕತ್ತರಿಸಿದ ತುಣುಕು ಪ್ರಯೋಗಾಲಯಕ್ಕೆ ಹೋಗುತ್ತದೆ. ಕಾರಣ ಕ್ಷಯವೋ ಕ್ಯಾನ್ಸರೋ ಎಂದು ತಿಳಿಯಲು ಅದು ನೆರವಾಗುತ್ತದೆ. ಎದೆಮೂಳೆಯನ್ನು ಸೀಳದಿರುವುದರಿಂದ ನೋವು ಕಡಿಮೆ, ಗಾಯ ಬೇಗ ಮಾಯುತ್ತದೆ. ಎಲ್ಲರಿಗೂ ಇದು ಹೊಂದುತ್ತದೆಂದಲ್ಲ, ಅಪಾಯವೇ ಇಲ್ಲವೆಂದೂ ಅಲ್ಲ. ಯಾವುದು ಯಾರಿಗೆ ಎಂಬುದನ್ನು ವೈದ್ಯರು ನೋಡಿ ನಿರ್ಧರಿಸಬೇಕು.

ಕ್ಷಯದಿಂದ ಬಂದ ನೀರನ್ನು ತೆಗೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕನಿಷ್ಠ ಆರು ತಿಂಗಳ ಮಾತ್ರೆಗಳನ್ನು ಒಂದು ದಿನವೂ ತಪ್ಪದೆ ನುಂಗಬೇಕು. ಕ್ಷಯವನ್ನು ಕಡೆಗಣಿಸಿದರೆ ಚೀಲ ದಪ್ಪಗಟ್ಟಿ ಹೃದಯವನ್ನು ಬಿಗಿಯಬಹುದು. ಇಬ್ನು ಝುಹ್ರ್ ಬರೆದ ಪೊರೆಯ ಮೇಲಿನ ಪೊರೆಯನ್ನು ನೆನಪಿಸಿಕೊಳ್ಳಿ. ಆಗ ಸಣ್ಣ ರಂಧ್ರ ಸಾಲದು, ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾದೀತು. ಕ್ಷಯದ ಮಾತ್ರೆಗಳನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ಕೊಡುವ ಹಣವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿಸಲಾಗಿದೆ. ಮಗಳ ಮದುವೆಗೆ ತೊಡಕಾದೀತೆಂದು ಕ್ಷಯವನ್ನು ಮುಚ್ಚಿಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಮಲಗಿದರೆ ಉಸಿರು ಕಟ್ಟುವುದು, ಎದ್ದು ಮುಂದೆ ಬಾಗಿ ಕುಳಿತರೆ ಹಗುರಾಗುವುದು, ಕಾಲು ಊದುವುದು, ಸಂಜೆಯ ಜ್ವರ, ತೂಕ ಇಳಿಯುವುದು ಇವನ್ನು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಸುಮ್ಮನಾಗಬೇಡಿ. ಪ್ರತಿಯೊಂದು ರೋಗಕ್ಕೂ ಮದ್ದಿದೆ, ಚಿಕಿತ್ಸೆ ಮಾಡಿಸಿಕೊಳ್ಳಿ ಎಂಬುದು ಪ್ರವಾದಿ(ಸ)ಯವರ ಬೋಧನೆಯಾಗಿದೆ. ವೈದ್ಯರಲ್ಲಿಗೆ ಹೋಗುವುದು ತವಕ್ಕುಲ್‌ಗೆ ವಿರುದ್ಧವಲ್ಲ.

ನಮಗೇನು ಪಾಠ?

ಅರಬಿ, ಫಾರ್ಸಿ ವೈದ್ಯಗ್ರಂಥಗಳ ಪರಂಪರೆ ನಮ್ಮ ನೆಲಕ್ಕೂ ದೂರದ್ದಲ್ಲ. ಪಕ್ಕದ ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪು ಸುಲ್ತಾನರ ಗ್ರಂಥಭಂಡಾರದ ಪಟ್ಟಿ 1809ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಅದರಲ್ಲಿ ವೈದ್ಯಶಾಸ್ತ್ರಕ್ಕೇ ಒಂದು ವಿಭಾಗವಿದೆ. ಆ ಗ್ರಂಥಗಳು ಹಡಗು ಹತ್ತಿ ಹೋದವೆಂದು ನಾವು ಮರುಗುತ್ತೇವೆ. ಆದರೆ ಗ್ರಂಥಗಳು ಹೋದರೂ ದಾರಿ ಮುಚ್ಚಿಲ್ಲ. 1924ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜು ನಮ್ಮೂರಿನಲ್ಲೇ ಇದೆ. ಅದರ ಬಾಗಿಲು ಅಂಕ ತೆಗೆದ ಎಲ್ಲ ಮಕ್ಕಳಿಗೂ ತೆರೆದಿದೆ.

ಆದ್ದರಿಂದ ಪ್ರಿಯ ವಿದ್ಯಾರ್ಥಿಗಳೇ, ಇಬ್ನು ಝುಹ್ರ್‌ರ ಹೆಸರನ್ನು ಭಾಷಣ ಸ್ಪರ್ಧೆಗೆ ಮಾತ್ರ ಕಂಠಪಾಠ ಮಾಡಬೇಡಿ. ಒಂದು ವಿದ್ಯೆಯನ್ನು ಹಿಡಿದರೆ ಅದನ್ನೇ ಆಳವಾಗಿ ಹಿಡಿಯುವುದು, ಹಿರಿಯರು ಹೇಳಿದ್ದನ್ನೂ ಪರೀಕ್ಷಿಸಿ ನೋಡುವುದು, ಕಂಡದ್ದನ್ನು ಕೂಡಿಸದೆ ಕಳೆಯದೆ ಬರೆದಿಡುವುದು, ಬರೆದದ್ದನ್ನು ಎಲ್ಲರಿಗೂ ಸಿಗುವಂತೆ ಮಾಡುವುದು, ಇವು ಅವರು ಬಿಟ್ಟುಹೋದ ಆಸ್ತಿ. ಅವರು ಕಂಡ ರೋಗಕ್ಕೆ ಅವರ ಕೈಯಲ್ಲಿ ಮದ್ದಿರಲಿಲ್ಲ. ಆದರೂ ಇಂದು ನಮಗೆ ಪ್ರಯೋಜನವಿಲ್ಲವೆಂದು ಅದನ್ನು ಬಿಟ್ಟುಬಿಡಲಿಲ್ಲ, ಬರೆದರು. ನೀವು ಇಂದು ಪ್ರಯೋಗಾಲಯದ ಪುಸ್ತಕದಲ್ಲಿ ನಿಷ್ಠೆಯಿಂದ ಬರೆಯುವ ಒಂದು ಸಾಲು ನಾಳೆ ಯಾರ ಉಸಿರನ್ನು ಉಳಿಸೀತೆಂದು ಯಾರು ಬಲ್ಲರು?

ಅಲ್ಲಾಹನು ನಮ್ಮ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಜನರಿಗೆ ಪ್ರಯೋಜನವಾಗುವ ಜ್ಞಾನವನ್ನು ದಯಪಾಲಿಸಲಿ. ರೋಗಿಗಳಿಗೆ ಶಿಫಾ ಕರುಣಿಸಲಿ. ಆಮೀನ್.